ಓದಲು ಬರುವಂತಿರಬೇಕು

ನನ್ನ ಗಂಡ ಬಾಯಿ ಬಿಡಬೇಕಾದರೆ ಅವರ ಕೈಯಲ್ಲಿ ಸ್ಟೇರಿಂಗ್ ಇರಬೇಕು. ಮನೆಯೊಳಗೆ ಅವರದು 'ಹೂಂ', 'ಸರಿ', 'ನೋಡೋಣ' ಎಂಬ ಮೂರು ಮಾತಿನ ಸಂಸಾರ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ, ಅದು ನಿಜವಾಗಿದ್ದರೆ ನಾನು ಮೈತುಂಬ ಒಡವೆ ಹೇರಿಕೊಂಡು ತಿರುಗಬೇಕಿತ್ತು. ಆದರೆ ಗಾಡಿ ಹತ್ತಿ ಎರಡನೇ ಗೇರಿಗೆ ಬಂದರೆಂದರೆ ಅದೇ ಮನುಷ್ಯ ಬೇರೆಯಾಗುತ್ತಾರೆ. ಕಣ್ಣು ರಸ್ತೆಯ ಮೇಲಿರುವುದರಿಂದ ಪಕ್ಕದವರ ಮುಖ ನೋಡಿ ಮಾತಾಡುವ ಕಷ್ಟ ಇರುವುದಿಲ್ಲ ಅಂತ ಕಾಣುತ್ತದೆ. ನನ್ನನ್ನು ಮೊದಲ ಸಲ ಕಂಡಾಗ ತಮಗೆ ಏನನ್ನಿಸಿತು ಅನ್ನುವುದನ್ನು ಅವರು ಹೇಳಿದ್ದು ಮದುವೆಯಾಗಿ ಎಷ್ಟೋ ವರ್ಷವಾದ ಮೇಲೆ, ಒಂದು ಸೇತುವೆ ದಾಟುವಾಗ. ಅವರ ಅಮ್ಮ ತೀರಿಹೋದಾಗ ಮನೆಯಲ್ಲಿ ಒಂದು ತೊಟ್ಟು ಕಣ್ಣೀರು ಹಾಕದವರು, ಆಮೇಲೊಂದು ದಿನ ರಸ್ತೆ ರಿಪೇರಿಯ ಕಡೆ ಗಾಡಿ ನಿಲ್ಲಿಸಿದಾಗ ಸ್ಟೇರಿಂಗ್ ಮೇಲೆ ಹಣೆಯಿಟ್ಟು ಅತ್ತರು. ನಮ್ಮ ಸಂಸಾರದ ದೊಡ್ಡ ಮಾತುಗಳೆಲ್ಲ ನಡೆದದ್ದು ಹೀಗೆ ಚಕ್ರದ ಮೇಲೆಯೇ.

ದೂರದ ಊರುಗಳಿಗೆ ಬಸ್ಸು ಓಡಿಸಿ ನಿವೃತ್ತರಾದವರು ಅವರು. ನಾನು ಗಾಡಿ ಸೀಟುಗಳಿಗೆ ಕವರ್ ಹೊಲಿಯುವವಳು. ಮನೆಯ ಮುಂದೆ ಒಂದು ಶೆಡ್ ಇದೆ. ಅದರ ಒಂದು ಪಕ್ಕದಲ್ಲಿ ನನ್ನ ಹೊಲಿಗೆ ಮಿಷನ್ನು, ರೆಕ್ಸಿನ್ ಸುರುಳಿಗಳು, ಫೋಮಿನ ಹಾಳೆಗಳು. ಇನ್ನೊಂದು ಪಕ್ಕದಲ್ಲಿ ಮಗಳ ನಂಬರ್ ಪ್ಲೇಟ್ ಅಂಗಡಿ. ನಡುವೆ ನಮ್ಮ ವ್ಯಾನ್ ನಿಲ್ಲುತ್ತದೆ, ಮೂತಿ ಬೀದಿಯ ಕಡೆಗೆ. ಹೊಲಿದ ಕವರುಗಳನ್ನು ಗ್ಯಾರೇಜುಗಳಿಗೆ ಮುಟ್ಟಿಸುವುದಕ್ಕೆ ಅದು. ಓಡಿಸುವವರು ಇವರು, ಪಕ್ಕದ ಸೀಟು ನನ್ನದು. ನಾನು ಹೋಗಲೇಬೇಕೆಂದೇನಿಲ್ಲ. ಕವರ್ ಒಂದು ನೆಪ, ನಾನು ಹೋಗುತ್ತಿದ್ದದ್ದು ಇವರ ಮಾತು ಕೇಳಲಿಕ್ಕೆ.

ಮಗಳನ್ನು ಇವರು ಕರೆಯುವುದು 'ಕಂಡಕ್ಟರ್' ಅಂತ. ಚಿಕ್ಕವಳಿದ್ದಾಗ ರಜೆ ಬಂದರೆ ಅಪ್ಪನ ಬಸ್ಸು ಹತ್ತಿ, ಅವರ ಸೀಟಿನ ಹಿಂದೆಯೇ ನಿಂತು, ಪ್ರತಿ ಸ್ಟಾಪಿನಲ್ಲೂ ಹಿಂದಕ್ಕೆ ತಿರುಗಿ ನೋಡಿ 'ರೈಟ್' ಅನ್ನುತ್ತಿದ್ದಳು. ಬಸ್ಸಿನ ಹಿಂದಿನ ಬಾಗಿಲು ಡ್ರೈವರಿಗೆ ಕಾಣುವುದಿಲ್ಲ. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು, ಇನ್ನು ಹೊರಡಬಹುದು ಅಂತ ಕಂಡಕ್ಟರ್ ಹೇಳಬೇಕು. ನಿಜವಾದ ಕಂಡಕ್ಟರ್ ಒಂದು ಸಲ ರೈಟ್ ಅಂದರೂ ಇವರು ಕ್ಲಚ್ ಬಿಡುತ್ತಿರಲಿಲ್ಲ. ಕಿವಿಯ ಹತ್ತಿರ ಮಗಳ ರೈಟ್ ಕೂಡ ಬೀಳಬೇಕು, ಆಮೇಲೆಯೇ ಬಸ್ಸು ಮುಂದಕ್ಕೆ.

ಈಗ ಆ ಕಂಡಕ್ಟರ್ ನಂಬರ್ ಪ್ಲೇಟ್ ಮಾಡುತ್ತಾಳೆ. ಸಾದಾ ಪ್ಲೇಟುಗಳಲ್ಲ. ಹೊಳೆಯುವ ಕಪ್ಪು ಉಬ್ಬು ಅಂಕಿಗಳು, ಪಕ್ಕದಲ್ಲಿ ಬೂದು ನೆರಳು, ಗಾಳಿಗೆ ಬಾಗಿದ ಹಾಗೆ ವಾರೆ. ಒಂದಕ್ಕೊಂದು ಭುಜ ತಾಗಿಸಿಕೊಂಡು ನಿಂತಿರುತ್ತವೆ. ಮೇಲೆ ಹೊಗೆ ಬಣ್ಣದ ತೆಳು ಹಾಳೆ. ಗೋಡೆ ತುಂಬ ಮಾದರಿಗಳನ್ನು ತೂಗುಹಾಕಿದ್ದಳು. ಹೊಸ ಕಾರು ಕೊಂಡ ಹುಡುಗರು ಬಂದು ಮೈಮರೆತು ನೋಡುತ್ತಿದ್ದರು. ಕೊನೆಗೆ ಎಲ್ಲರೂ ದನಿ ತಗ್ಗಿಸಿ ಕೇಳುತ್ತಿದ್ದದ್ದು ಒಂದೇ: "ಪೊಲೀಸರು ಹಿಡಿಯಲ್ಲ ತಾನೆ?"

"ಅಂಕಿ ಎತ್ತರ ಕಾನೂನಲ್ಲಿ ಇರೋಷ್ಟೇ ಇದೆ, ಬೇಕಾದ್ರೆ ಅಳೆದು ನೋಡಿ," ಅನ್ನುತ್ತಿದ್ದಳು ಇವಳು. ಸುಳ್ಳಲ್ಲ, ಎತ್ತರ ಸರಿಯಾಗಿಯೇ ಇರುತ್ತಿತ್ತು. ಅದರ ಮೇಲೆ, ಪ್ಲೇಟಿನ ಮೂಲೆಯಲ್ಲಿ 'ಪ್ರದರ್ಶನಕ್ಕೆ ಮಾತ್ರ' ಅಂತ ಇರುವೆ ಕಾಲಿನಷ್ಟು ಸಣ್ಣದಾಗಿ ಬರೆದಿರುತ್ತಿದ್ದಳು, ನಾಳೆ ಯಾರಾದರೂ ಕೇಳಿದರೆ ತೋರಿಸುವುದಕ್ಕೆ. ಕಾನೂನು ಚಾಪೆ ಕೆಳಗೆ ತೂರಿದರೆ ನನ್ನ ಮಗಳು ರಂಗೋಲಿ ಕೆಳಗೆ ತೂರುವವಳು.

ಇವರಿಗೆ ಅದು ಸರಿಬೀಳುತ್ತಿರಲಿಲ್ಲ. ಆದರೆ ಅವಳೆದುರಿಗೆ ಹೇಳಬೇಕಾದರೆ ಬಾಯಿ ಬರಬೇಕಲ್ಲ. ವ್ಯಾನಿನಲ್ಲಿ ನನಗೆ ಹೇಳುವರು, ನಾನು ಅಂಚೆಯವಳ ಹಾಗೆ ಶೆಡ್ಡಿಗೆ ತಲುಪಿಸುವುದು.

"ಎತ್ತರ ಒಂದೇ ಅಲ್ವಂತೆ ಕಣೇ," ಅನ್ನುತ್ತಿದ್ದೆ ನಾನು. "ಗೆರೆ ದಪ್ಪ ಇಷ್ಟಿರಬೇಕು, ನಡುವೆ ಜಾಗ ಇಷ್ಟಿರಬೇಕು, ಹಿಂದಿನ ಬಣ್ಣ ಸಾದಾ ಇರಬೇಕು, ಮೇಲೆ ಏನೂ ಹೊದಿಸಬಾರದು, ಎಲ್ಲ ಇದೆಯಂತೆ. ನಂಬರ್ ಇರೋದು ಓದೋಕೆ, ಶೃಂಗಾರಕ್ಕಲ್ಲ ಅಂದ್ರು ನಿಮ್ಮಪ್ಪ."

"ಅಷ್ಟೆಲ್ಲ ಯಾಕಮ್ಮ ಬರೆದಿದ್ದಾರೆ? ಓದಲು ಬರುವಂತಿರಬೇಕು, ಅಷ್ಟೇ ತಾನೆ ಅದರ ಅರ್ಥ? ನನಗೆ ಓದೋಕೆ ಬರುತ್ತಪ್ಪ. ನಿನಗೆ ಬರಲ್ವಾ?"

ನನಗೂ ಬರುತ್ತಿತ್ತು. ದಿನವಿಡೀ ಎದುರಿಗೇ ನೇತಾಡುತ್ತಿದ್ದವಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವ ಮಾತು ಆಗ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಹೀಗಿರುವಾಗ ಸಾರಿಗೆ ಕಚೇರಿಯಿಂದ ಇವರಿಗೆ ಸೂಚನೆ ಬಂತು. ವಯಸ್ಸಾದವರ ಲೈಸೆನ್ಸ್ ಮುಂದುವರಿಯಬೇಕಾದರೆ ಕಣ್ಣಿನ ಪರೀಕ್ಷೆ ಆಗಬೇಕು. ಮೈದಾನದಲ್ಲಿ ನಿಲ್ಲಿಸಿದ ಯಾವುದೋ ಗಾಡಿಯ ನಂಬರನ್ನು ಇಪ್ಪತ್ತು ಮೀಟರ್ ದೂರದಿಂದ ಓದಿ ಹೇಳಬೇಕು. ನಾವೆಲ್ಲ ನಕ್ಕೆವು. ಜೀವಮಾನವೆಲ್ಲ ರಸ್ತೆ ನೋಡಿಕೊಂಡೇ ಬದುಕಿದವರಿಗೆ ಇದೆಂಥ ಪರೀಕ್ಷೆ? ಇವರು ಮಾತ್ರ ನಗಲಿಲ್ಲ. ಪರೀಕ್ಷೆ ಅಂದಮೇಲೆ ಅಭ್ಯಾಸ ಮಾಡಬೇಕು ಅನ್ನುವ ಜಾತಿ ಅವರದು.

ತೊಂದರೆ ಏನೆಂದರೆ ನಮ್ಮ ಬೀದಿಯ ಗಾಡಿಗಳ ನಂಬರೆಲ್ಲ ಇವರಿಗೆ ಬಾಯಿಪಾಠ. ಎದುರುಮನೆ ಡಾಕ್ಟರಮ್ಮ ಬಂದರು ಅನ್ನುವುದಿಲ್ಲ, 'ನಲವತ್ತೊಂದು ಹದಿನೇಳು ಬಂತು' ಅನ್ನುತ್ತಾರೆ. ಗೊತ್ತಿರುವುದನ್ನು ಓದಿದರೆ ಅದು ಓದಲ್ಲವಲ್ಲ. ಹಾಗಾಗಿ ಒಂದು ದಿನ ಶೆಡ್ಡಿಗೆ ಬಂದು, ಮಗಳ ಮುಂದೆ ನಿಂತು, ಬಲು ಕಷ್ಟದಿಂದ ಬಾಯಿ ತೆರೆದರು.

"ಕಂಡಕ್ಟರ್, ನನಗೆ ಗೊತ್ತಿಲ್ಲದ ಒಂದು ನಂಬರ್ ಮಾಡಿಕೊಡು."

ಅಪ್ಪ ಕೇಳಿದ್ದೇ ಅಪರೂಪ. ಇವಳು ಸುಮ್ಮನೆ ಒಂದು ತಗಡಿನ ಮೇಲೆ ಬರೆದುಕೊಡುತ್ತಾಳೆಯೇ? ತನ್ನ ಅಂಗಡಿಯಲ್ಲಿ ಅತಿ ಚೆಂದ ಯಾವುದೋ ಅದೇ ಮಾದರಿಯಲ್ಲಿ, ಉಬ್ಬು ಅಂಕಿ, ನೆರಳು, ಹೊಗೆ ಹಾಳೆ ಎಲ್ಲ ಹಾಕಿ ಮಾಡಿದಳು. ಪ್ರೀತಿಯಿಂದಲೇ ಮಾಡಿದಳು. ನನಗೆ ತೋರಿಸಿದಳು ಕೂಡ: ಆರು, ಮೂರು, ಒಂಬತ್ತು, ಐದು.

ಭಾನುವಾರ ಬೆಳಿಗ್ಗೆ ಬೀದಿಯಲ್ಲಿ ಗಾಡಿ ಓಡಾಟ ಕಡಿಮೆ ಇದ್ದಾಗ ನಮ್ಮ ಪರೀಕ್ಷೆ. ದೂರ ಅಳೆಯುವ ಕೆಲಸ ನನ್ನದು. ನನ್ನ ಹೊಲಿಗೆಯ ಟೇಪಿನಲ್ಲಿ ಇಪ್ಪತ್ತು ಮೀಟರ್ ಅಳೆಯುವುದೆಂದರೆ ಏಳುವುದು ಕೂರುವುದು, ಏಳುವುದು ಕೂರುವುದು. ಮಂಡಿ ಹಿಡಿದುಕೊಂಡು ನಾನು ಬೈಯುತ್ತಿದ್ದರೆ ಇವರು ಗೇಟಿನ ಹತ್ತಿರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದರು, ಅಧಿಕಾರಿಯ ಮುಂದೆ ನಿಂತ ಹಾಗೆ. ಮಗಳು ಆ ತುದಿಯಲ್ಲಿ ಪ್ಲೇಟನ್ನು ಎದೆಯ ಹತ್ತಿರ ಹಿಡಿದುಕೊಂಡಳು.

ಇವರು ನೋಡಿದರು. ಕಣ್ಣು ಕಿರಿದು ಮಾಡಿದರು. ತಲೆ ಸ್ವಲ್ಪ ವಾಲಿಸಿದರು.

"ಎಂಟು," ಅಂದರು. "ಮತ್ತೆ ಎಂಟು... ಒಂಬತ್ತು... ಆರು."

ನಾಲ್ಕರಲ್ಲಿ ಸರಿ ಬಂದದ್ದು ಒಂಬತ್ತು ಒಂದೇ. ಒಂದು ತಪ್ಪಿದರೆ ಅವಸರ ಅನ್ನಬಹುದು. ಮೂರು ತಪ್ಪಿದರೆ ಏನನ್ನುವುದು? ನಾನು ಮಗಳ ಕಡೆ ನೋಡಿದೆ. ಅವಳ ಮುಖ ಬಿಳುಚಿತ್ತು. ಆದರೆ ಅರೆಗಳಿಗೆ ಅಷ್ಟೇ. ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ ನಗುತ್ತ ಅಂದಳು:

"ರೈಟ್ ಅಪ್ಪ!"

ಇವರೂ ನಕ್ಕು ಒಳಗೆ ಬರುತ್ತಾರೆ ಅಂದುಕೊಂಡೆ. ಬರಲಿಲ್ಲ. ಸ್ವಲ್ಪ ಹೊತ್ತು ಅವಳನ್ನೇ ನೋಡಿದರು. ನಂತರ ನಿಧಾನವಾಗಿ ನಡೆದು ಅವಳ ಹತ್ತಿರ ಹೋದರು. ಅವಳು ಪ್ಲೇಟನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುವವಳ ಹಾಗೆ ಮೈಗೆ ಒತ್ತಿಕೊಂಡಳು. ಇವರು ಮೆಲ್ಲಗೆ ಬಿಡಿಸಿ ತೆಗೆದುಕೊಂಡು, ಬಾಗಿ, ಒಂದೊಂದೇ ಅಂಕಿಯ ಮೇಲೆ ಬೆರಳಾಡಿಸಿದರು. ಆರು. ಮೂರು. ಒಂಬತ್ತು. ಐದು.

"ಚೆನ್ನಾಗಿ ಮಾಡಿದ್ದೀಯ," ಅಂದರು. ಪ್ಲೇಟನ್ನು ಅವಳ ಕೈಗೇ ಕೊಟ್ಟು ಒಳಗೆ ಹೋದರು.

ಆ ಮಧ್ಯಾಹ್ನ ನೂಲಿನ ಉಂಡೆಗಾಗಿ ಮಿಷನ್ನಿನ ಡ್ರಾಯರ್ ಎಳೆದರೆ, ಯಾವಾಗಲೂ ಇವರ ಜೇಬಿನಲ್ಲಿರುತ್ತಿದ್ದ ವ್ಯಾನಿನ ಕೀಲಿಕೈ ಅಲ್ಲಿತ್ತು.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ 'ನೋಡೋಣ' ಅನ್ನುವ ಮಾತೂ ನಿಂತಿತು. 'ಹೂಂ' ಮತ್ತು 'ಸರಿ' ಎರಡೇ ಉಳಿದವು. ಇವರು ಶೆಡ್ಡಿನ ಮೂಲೆಯ ಸ್ಟೂಲಿನ ಮೇಲೆ ಕೂತು ನನಗೆ ಕವರಿನ ಅಂಚಿಗೆ ಹೊಲಿಯುವ ಪಟ್ಟಿ ಸುತ್ತಿಕೊಡುವರು, ಕತ್ತರಿಸಿದ ಚೂರು ಗುಡಿಸುವರು. ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಅಂದರೆ 'ಸರಿ' ಅಂದು ಕೂತಲ್ಲಿಂದ ಏಳುತ್ತಿರಲಿಲ್ಲ. ಲೈಸೆನ್ಸ್ ಪರೀಕ್ಷೆಯ ದಿನ ಹತ್ತಿರ ಬರುತ್ತಿತ್ತು. ಹೋಗುವುದಿಲ್ಲ ಅಂತ ಅವರು ಬಾಯಿಬಿಟ್ಟು ಹೇಳಲಿಲ್ಲ, ಹೋಗುತ್ತೇನೆ ಅಂತಲೂ ಹೇಳಲಿಲ್ಲ. ವ್ಯಾನನ್ನು ಮಗಳು ಓಡಿಸತೊಡಗಿದಳು. ನಾನು ಪಕ್ಕದಲ್ಲಿ ಕೂತು ಹೋಗುತ್ತಿದ್ದೆ. ಅವಳು ಚೆನ್ನಾಗಿಯೇ ಓಡಿಸುತ್ತಾಳೆ, ಮಾತೂ ಆಡುತ್ತಾಳೆ. ಆದರೂ ಒಂದೊಂದು ಸಲ ಆ ಸೇತುವೆ ಬಂದಾಗ ಸ್ಟೇರಿಂಗ್ ಮೇಲಿನ ಅವಳ ಕೈಯನ್ನೇ ನೋಡುತ್ತ ಕೂರುತ್ತಿದ್ದೆ. ಇನ್ನು ಮುಂದೆ ನನ್ನ ಗಂಡನ ಮನಸ್ಸಿನಲ್ಲಿರುವುದು ನನಗೆ ತಿಳಿಯುವ ದಾರಿಯೇ ಇಲ್ಲವಲ್ಲ ಅನ್ನಿಸಿ ಭಯವಾಗುತ್ತಿತ್ತು. ಮನುಷ್ಯ ಎದುರಿಗೇ ಇದ್ದಾರೆ, ಊಟಕ್ಕೆ ಬಡಿಸುತ್ತಿದ್ದೇನೆ, ಆದರೂ ಒಬ್ಬಂಟಿಯಾಗಿಬಿಟ್ಟೆ.

ಮಗಳನ್ನು ಬೈದೆ. ಕೋಪ ಬಂದರೆ ನನಗೆ ಹಿಂದೆಮುಂದೆ ಇಲ್ಲ.

"ಯಾಕೆ ರೈಟ್ ಅಂದೆ? ಕಣ್ಣು ಮಂಜಾದ್ರೆ ಮಂಜಾಯ್ತು ಅನ್ನಬೇಕು. ನಿಮ್ಮಪ್ಪ ಏನು ಎಳೆ ಮಗುವಾ?"

"ಬಾಯಿಗೆ ಬಂದುಬಿಡ್ತಮ್ಮ," ಅಂದಳು. "ಇಸ್ತ್ರಿ ಅಂಗಿ ಹಾಕ್ಕೊಂಡು ನಿಂತಿದ್ರಲ್ಲ. ತಪ್ಪು ಅನ್ನೋಕೆ ಆಗಲಿಲ್ಲ." ಆಮೇಲೆ ಅಳು. ಅಳುವವಳನ್ನು ಎಷ್ಟಂತ ಬೈಯುವುದು?

ಒಂದು ಮಧ್ಯಾಹ್ನ ಕವರ್ ಕೊಟ್ಟು ಬರುತ್ತಿದ್ದೆವು. ಸಿಗ್ನಲ್ಲಿನಲ್ಲಿ ಕೆಂಪು ದೀಪ ಇತ್ತು. ನಮಗೂ ಗೆರೆಗೂ ನಡುವೆ ಏಳೆಂಟು ಸಾಲು ಬೈಕು, ಅವುಗಳ ಮುಂದೆ ಒಂದು ಬಿಳಿ ಕಾರು. ಮಗಳ ಮುಖ ಅರಳಿತು.

"ಅಮ್ಮ, ನಮ್ಮ ಪ್ಲೇಟು ನೋಡು ಅಲ್ಲಿ. ಹೇಗೆ ಹೊಳೀತಿದೆ."

ಹೊಳೆಯುತ್ತಿತ್ತು, ನಿಜ. ಜೀವನವೆಲ್ಲ ಅಳೆದು ಕತ್ತರಿಸಿದವಳು ನಾನು, ಟೇಪಿಲ್ಲದೆಯೂ ದೂರ ತಿಳಿಯುತ್ತದೆ. ಅಂದು ಬೀದಿಯಲ್ಲಿ ಎದ್ದು ಕೂತು ಅಳೆದಷ್ಟೇ ದೂರ. ನನಗೆ ಏನನ್ನಿಸಿತೋ, ಕೇಳಿದೆ:

"ನಂಬರ್ ಎಷ್ಟು?"

"ಸೊನ್ನೆ," ಅಂದಳು ಸಲೀಸಾಗಿ. "ಆಮೇಲೆ ಎಂಟು..." ಸ್ವಲ್ಪ ಮುಂದಕ್ಕೆ ಬಾಗಿದಳು. "ಮುಂದಿನದು ಎಂಟೋ ಮೂರೋ... ಎಂಟೇ. ಕೊನೇದು ಒಂಬತ್ತು."

ಹಸಿರು ಬಿತ್ತು. ಬೈಕುಗಳು ಸರಿದವು, ನಾವು ಕಾರಿನ ಬೆನ್ನಿಗೇ ಬಂದೆವು. ಅಂಕಿಗಳು ಸ್ಪಷ್ಟವಾದವು: ಆರು, ಮೂರು, ಮೂರು, ಐದು. ಅವಳೇ ಕೊಯ್ದು ಅವಳೇ ಅಂಟಿಸಿದ ಅಂಕಿಗಳು. ಒಂದನ್ನೂ ಸರಿಯಾಗಿ ಓದಿರಲಿಲ್ಲ.

ಅವಳು ವ್ಯಾನನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿದಳು. ಎದುರಿನಿಂದ ಬರುವ ಗಾಡಿಗಳ ನಂಬರನ್ನು ಒಂದೊಂದಾಗಿ ಜೋರಾಗಿ ಓದತೊಡಗಿದಳು. ಹಳೇ ಲಾರಿ, ಹಾಲಿನ ಗಾಡಿ, ಯಾರದೋ ಸ್ಕೂಟರ್. ಸಾದಾ ಬಿಳಿಯ ಮೇಲೆ ಸಾದಾ ಕಪ್ಪು. ಎಲ್ಲವನ್ನೂ ಎಷ್ಟೋ ದೂರದಿಂದಲೇ ಓದಿದಳು. ನಾನೂ ಓದಿದೆ. ಓದಿ ಓದಿ ಕೊನೆಗೆ ನನ್ನ ಕಡೆ ತಿರುಗಿದಳು.

"ಅವತ್ತು ನಾನು ಓದಿರಲೇ ಇಲ್ಲಮ್ಮ," ಅಂದಳು. "ನನಗೆ ನಂಬರ್ ಗೊತ್ತಿತ್ತು, ಅಷ್ಟೇ. ಅಪ್ಪ ಒಬ್ಬರೇ ಓದೋಕೆ ನೋಡಿದ್ದು."

ನನಗೂ ಗೊತ್ತಿತ್ತಲ್ಲ. ಅವಳು ತೋರಿಸಿದ್ದಳಲ್ಲ. ಗೊತ್ತಿದ್ದ ಇಬ್ಬರು ಸೇರಿ ಗೊತ್ತಿಲ್ಲದ ಒಬ್ಬರನ್ನು ಕುರುಡರನ್ನಾಗಿ ಮಾಡಿಬಿಟ್ಟಿದ್ದೆವು. ಅಷ್ಟು ದುಃಖದಲ್ಲೂ ನನಗೆ ಎದೆ ಹಗುರಾಯಿತು. ಮನೆಗೆ ಹೋಗಿ ಹೇಳಿದರೆ ಮುಗಿಯಿತು, ಇನ್ನೇನು ಅಂದುಕೊಂಡೆ. ನನ್ನ ಬುದ್ಧಿ ಅಷ್ಟೇ.

ಅವಳು ಮನೆಗೆ ಬಂದವಳೇ ಸ್ಟೂಲಿನ ಮುಂದೆ ನೆಲದ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿದಳು. ಇವರು ಪಟ್ಟಿ ಸುತ್ತುತ್ತಲೇ ಕೇಳಿದರು. ಪೂರ್ತಿ ಕೇಳಿ ಅವಳ ತಲೆ ಸವರಿದರು.

"ಸರಿ," ಅಂದರು.

ಆ ಸರಿ ನನಗೆ ಗೊತ್ತು. ಆಟದ ಸಾಮಾನು ಒಡೆದದ್ದಕ್ಕೆ ಮಗು ಕಥೆ ಕಟ್ಟಿದಾಗ ಅನ್ನುವ ಸರಿ ಅದು. ಒಂದು ಸಲ ಸಮಾಧಾನಕ್ಕೆ ಸುಳ್ಳು ಹೇಳಿದವಳು ಎರಡನೇ ಸಲ ನಿಜ ಹೇಳಿದರೆ ಅದೂ ಸಮಾಧಾನವೇ ಆಗಿ ಕೇಳಿಸುತ್ತದೆ. ಅವಳಿಗೂ ಅದು ತಿಳಿಯಿತು. ಎದ್ದುಹೋಗಿ ಗೋಡೆಯ ಮೇಲಿನ ಮಾದರಿಗಳನ್ನು ಒಂದೊಂದೇ ಇಳಿಸಿದಳು. ಹೊಗೆ ಹಾಳೆಯ ಸುರುಳಿಯನ್ನು ಕಸದ ಡಬ್ಬಕ್ಕೆ ತುರುಕಿದಳು. ಆಮೇಲೆ ಫೋನು ಹಿಡಿದು ಗಿರಾಕಿಗಳಿಗೆ ಒಬ್ಬೊಬ್ಬರಿಗೇ ಹೇಳತೊಡಗಿದಳು: ಪ್ಲೇಟು ಕಾನೂನಿನ ಪ್ರಕಾರ ಇಲ್ಲ, ನಾನು ಮಾಡಿದ್ದು ತಪ್ಪು, ತಂದುಕೊಡಿ, ಬದಲಾಯಿಸಿಕೊಡುತ್ತೇನೆ. ಕೆಲವರು ಬೈದರು. ಒಬ್ಬ, ಚೆನ್ನಾಗಿದೆಯಲ್ಲ ಬಿಡಿ ಅಂದ. ಎರಡು ದಿನ ಇದೇ ನಡೆಯಿತು.

ಇವರು ನನ್ನ ಕಿವಿಯಲ್ಲಿ ಹೇಳಿದರು, "ನನಗೋಸ್ಕರ ಅಂಗಡಿ ಹಾಳುಮಾಡಿಕೊಳ್ಳಬೇಡ ಅನ್ನು ಅವಳಿಗೆ."

ಅಂಗಡಿಯನ್ನೇ ಬರಿದು ಮಾಡಿದರೂ ಇವರಿಗೆ ಅದು ಮಗಳ ಪ್ರೀತಿಯಾಗಿ ಕಾಣುತ್ತಿತ್ತೇ ಹೊರತು ನಿಜವಾಗಿ ಕಾಣುತ್ತಿರಲಿಲ್ಲ. ನನಗೆ ತಲೆಗೇರಿತು.

"ರೀ, ಇಷ್ಟು ವರ್ಷದಲ್ಲಿ ನಾನು ಒಂದು ದಿನವಾದ್ರೂ ನಿಮಗೆ ಸಮಾಧಾನದ ಮಾತು ಹೇಳಿದ್ದುಂಟಾ?"

"ಇಲ್ಲ," ಅಂದರು. ಅಷ್ಟು ಬೇಗ ಒಪ್ಪಬೇಕಿರಲಿಲ್ಲ.

"ಹಾಗಾದ್ರೆ ನನ್ನ ಮಾತು ನಂಬಿ. ಅವಳು ನಿಜವಾಗ್ಲೂ ಓದೋಕಾಗದೆ ಒದ್ದಾಡಿದ್ಲು. ನಾನು ಪಕ್ಕದಲ್ಲಿದ್ದೆ."

"ನೀನೂ ಅವಳ ಕಡೆ ಸೇರ್ಕೊಂಡೆ," ಅಂದರು, ಬೇಜಾರಿಲ್ಲದೆ, ಅದೂ ಪ್ರೀತಿಯಿಂದಲೇ.

ನಾನು ಡ್ರಾಯರಿನಿಂದ ಕೀಲಿಕೈ ತೆಗೆದೆ. ನಿಂತಿದ್ದ ವ್ಯಾನಿನ ಬಾಗಿಲು ತೆಗೆದು ನನ್ನ ಸೀಟಿನಲ್ಲಿ ಹೋಗಿ ಕೂತೆ. ಎಲ್ಲಿಗೂ ಹೋಗುವುದಕ್ಕಲ್ಲ. ಒಲೆ ಮೇಲೆ ಏನೂ ಇಟ್ಟಿರಲಿಲ್ಲ, ಮಿಷನ್ನಿನಲ್ಲಿ ಅರ್ಧ ಹೊಲಿದ ಕವರ್ ಹಾಗೇ ಇತ್ತು. ಇರಲಿ ಅಂದುಕೊಂಡೆ. ಹೊತ್ತು ಏರಿತು. ಇವರು ಒಂದೆರಡು ಸಲ ಇಣುಕಿ ನೋಡಿ ಹೋದರು. ಕೊನೆಗೆ ಬಂದು ತಮ್ಮ ಕಡೆಯ ಬಾಗಿಲು ತೆಗೆದರು.

"ಇವಳೇ, ಇಳಿ. ಊಟದ ಹೊತ್ತು ಮೀರ್ತು."

"ನನಗೆ ಹಸಿವಿಲ್ಲ."

ಅಭ್ಯಾಸ ನೋಡಿ. ಬಾಗಿಲು ತೆಗೆದ ಮೇಲೆ ನಿಂತೇ ಮಾತಾಡಬಹುದಿತ್ತು. ಹತ್ತಿ ಕೂತರು. ಕೂತಮೇಲೆ ಕೈಗಳು ತಾವಾಗಿಯೇ ಸ್ಟೇರಿಂಗಿಗೆ ಹೋದವು. ಎಂಜಿನ್ ಚಾಲೂ ಮಾಡಿರಲಿಲ್ಲ. ಎದುರಿಗೆ ಶೆಡ್ಡಿನ ಬಾಗಿಲು, ಗೇಟು, ಬಿಸಿಲು ಬಿದ್ದ ಬೀದಿ. ನಾನು ಅವರ ಕಡೆ ನೋಡಲಿಲ್ಲ. ಬೀದಿಯನ್ನೇ ನೋಡುತ್ತ ಕೂತೆ. ಬಹಳ ಹೊತ್ತಾದ ಮೇಲೆ, ಎರಡನೇ ಗೇರಿಗೆ ಬಂದವರ ದನಿಯಲ್ಲಿ ಶುರುಮಾಡಿದರು.

"ಕಣ್ಣಿನ ದುಃಖ ಅಲ್ಲ ಕಣೇ. ವಯಸ್ಸಾದಮೇಲೆ ಕಣ್ಣು ಹೋಗುತ್ತೆ, ಹಲ್ಲು ಹೋಗುತ್ತೆ. ಅದಕ್ಕೆ ಅಳೋಕಾಗುತ್ತಾ?"

"ಮತ್ತೆ?"

"ಬಸ್ಸಿನ ಹಿಂದಿನ ಬಾಗಿಲು ನನಗೆ ಯಾವತ್ತೂ ಕಂಡಿಲ್ಲ. ಕಾಣದೇನೇ ಓಡಿಸಿದ್ದೀನಿ. ಕಂಡಕ್ಟರ್ ರೈಟ್ ಅಂದ್ರೆ ರೈಟ್, ಅಷ್ಟೇ ಧೈರ್ಯ. ಅವತ್ತು ಇವಳು ರೈಟ್ ಅಂದಾಗ..." ಸ್ಟೇರಿಂಗಿನ ಮೇಲೆ ಹೆಬ್ಬೆರಳು ಉಜ್ಜಿದರು. "ಬಾಗಿಲಲ್ಲಿ ಇನ್ನೂ ಜನ ನೇತಾಡ್ತಿದ್ರು. ಆದ್ರೂ ರೈಟ್ ಅಂದ್ಲು."

"ನೀವು ನೊಂದುಕೊಳ್ತೀರಿ ಅಂತ ಅಂದ್ಲು ರೀ."

"ಗೊತ್ತು. ಅದೇ ಹೆದರಿಕೆ. ಇನ್ನು ಮೇಲೆ ಎಲ್ಲರೂ ನನಗೆ ಸರಿ ಅಂತಾನೇ ಹೇಳ್ತೀರಿ. ದಾರಿ ತಪ್ಪಿದ್ರೂ ಸರಿ, ಹೇಳಿದ್ದನ್ನೇ ಹೇಳಿದ್ರೂ ಸರಿ. ನಾನು ಎಲ್ಲಿದ್ದೀನಿ ಅನ್ನೋದು ನನಗೆ ತಿಳಿಯೋದು ಹೇಗೆ?"

ಅವರ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಆದರೆ ಕೈ ಸ್ಟೇರಿಂಗ್ ಮೇಲಿತ್ತು, ಅಲ್ಲಿಂದ ಬಿಡಿಸಿದರೆ ಮಾತು ನಿಂತುಹೋದೀತು ಅಂತ ಭಯ. ಸೆರಗಿನಿಂದ ಕಣ್ಣೊರೆಸಿಕೊಂಡೆ. ಕಿಟಕಿ ಗಾಜು ಇಳಿದಿತ್ತು. ಆ ಪಕ್ಕದಲ್ಲಿ ಮಗಳ ಕೊಯ್ಯುವ ಮಿಷನ್ನಿನ ಸದ್ದು ಯಾವಾಗಲೋ ನಿಂತಿತ್ತು. ಅವಳು ಕೇಳಿಸಿಕೊಂಡಿರಬೇಕು.

ಸ್ವಲ್ಪ ಹೊತ್ತಿಗೆ ಅವಳು ವ್ಯಾನಿನ ಮುಂದಿನಿಂದ ಹಾದು ಹೊರಟಳು. ಕೈಯಲ್ಲಿ ಒಂದು ಪ್ಲೇಟು, ನಮ್ಮ ಕಡೆ ಬೆನ್ನು. ಗೇಟು ದಾಟಿ ಬೀದಿಗಿಳಿದು ಎದುರುಮನೆ ಗೋಡೆಯವರೆಗೂ ಹೋಗಿ ನಿಂತಳು. ಅಷ್ಟು ದೂರ ಬೇಕಿರಲಿಲ್ಲ, ಪರೀಕ್ಷೆಗಿಂತ ಹೆಚ್ಚೇ ಆಯಿತು. ತಿರುಗಿ ಪ್ಲೇಟನ್ನು ಎತ್ತಿ ಹಿಡಿದಳು. ಬಿಳಿ ಹಿನ್ನೆಲೆ, ನೆಟ್ಟಗಿನ ಕಪ್ಪು ಅಂಕಿ, ನಡುನಡುವೆ ಕಾನೂನು ಕೇಳುವಷ್ಟು ಜಾಗ. ನೆರಳಿಲ್ಲ, ಹೊಳಪಿಲ್ಲ, ಮೂಲೆಯಲ್ಲಿ ಕಳ್ಳ ಬರಹ ಇಲ್ಲ.

"ಓದಪ್ಪ," ಅಂದಳು.

"ಸಾಕು ಮಗಳೇ, ಬಿಸಿಲಿದೆ, ಒಳಗೆ ಬಾ," ಅಂದರು ಇವರು.

"ಓದು ಅಪ್ಪ. ಓದೋವರೆಗೂ ನಾನು ಬರಲ್ಲ."

ಅಮ್ಮ ವ್ಯಾನು ಹತ್ತಿ ಕೂತರೆ ಮಗಳು ಬೀದಿಯಲ್ಲಿ ನಿಂತಳು. ಇಬ್ಬರು ಹಟಮಾರಿಗಳ ನಡುವೆ ಸಿಕ್ಕಿಬಿದ್ದು ಇವರು ಉಸಿರುಬಿಟ್ಟರು. ಗಾಜಿನಾಚೆ ನೋಡಿದರು. ಬೆನ್ನು ತಾನಾಗಿಯೇ ನೆಟ್ಟಗಾಯಿತು.

"ಏಳು," ಅಂದರು. ದನಿ ಸ್ವಲ್ಪ ಬದಲಾಯಿತು. "ಎರಡು... ಐದು." ಕೊನೆಯ ಅಂಕಿಗೆ ಬಂದು ತಡವರಿಸಿದರು. ಕಣ್ಣು ಕಿರಿದಾಯಿತು. "ಎಂಟು."

ಬೆಳಿಗ್ಗೆ ಇವರು ಶೆಡ್ಡಿಗೆ ಬರುವ ಮುಂಚೆ ಆ ಪ್ಲೇಟು ಅಂಟು ಆರಲೆಂದು ನನ್ನ ಮಿಷನ್ನಿನ ಮೇಲೆಯೇ ಇತ್ತು. ನಾನು ನೋಡಿದ್ದೆ. ಕೊನೆಯದು ಎಂಟಲ್ಲ, ಆರು.

ಯಾಕೆ ಸುಳ್ಳು ಹೇಳಿದೆ ಅಂತ ಮಗಳನ್ನು ಬೈದವಳು ನಾನೇ. ಆದರೆ ಆ ಗಳಿಗೆಯಲ್ಲಿ ನನ್ನ ಮನಸ್ಸು ಕೂಗುತ್ತಿದ್ದದ್ದು ಒಂದೇ: ಸರಿ ಅಂದುಬಿಡೇ ತಾಯಿ. ಒಂದೇ ಒಂದು ಅಂಕಿ. ಅದೂ ಇಷ್ಟು ದೂರದಿಂದ. ಸರಿ ಅಂದುಬಿಡು, ನಿನ್ನ ಕಾಲಿಗೆ ಬೀಳುತ್ತೇನೆ.

ಅವಳು ಪ್ಲೇಟನ್ನು ತನ್ನ ಕಡೆ ತಿರುಗಿಸಿ ನೋಡಿಕೊಂಡಳು, ನೋಡುವ ಅಗತ್ಯ ಇಲ್ಲದಿದ್ದರೂ. ಮತ್ತೆ ಎತ್ತಿ ಹಿಡಿದಳು.

"ತಪ್ಪು," ಅಂದಳು.

ನಾನು ಕಣ್ಣು ಮುಚ್ಚಿಕೊಂಡೆ.

"ಯಾವುದು?" ಇವರ ದನಿ.

"ಕೊನೇದು. ಅದು ಆರು, ಎಂಟಲ್ಲ. ನಿನಗೆ ಕನ್ನಡಕ ಬೇಕಪ್ಪ."

"ಮಿಕ್ಕಿದ್ದು?"

"ಮಿಕ್ಕ ಮೂರೂ ಸರಿ."

ನಾನು ಬಾಗಿಲ ಸದ್ದಿಗಾಗಿ ಕಾದೆ. ಇನ್ನೇನು ಇಳಿಯುತ್ತಾರೆ, ಬೀದಿ ದಾಟಿ ಹೋಗುತ್ತಾರೆ, ಅವಳ ಕೈಯಿಂದ ಪ್ಲೇಟು ತೆಗೆದುಕೊಂಡು ಬೆರಳಿಟ್ಟು ನೋಡುತ್ತಾರೆ. ಬಾಗಿಲು ಸದ್ದಾಗಲಿಲ್ಲ. ಕಣ್ಣು ಬಿಟ್ಟರೆ ಇವರು ಸ್ಟೇರಿಂಗ್ ಬಿಟ್ಟು ಪೂರ್ತಿ ನನ್ನ ಕಡೆಗೆ ತಿರುಗಿ ಕೂತಿದ್ದರು. ಮುಖಕ್ಕೆ ಮುಖ ಕೊಟ್ಟು. ಕಣ್ಣು ತುಂಬಿತ್ತು.

"ಮೂರು ಸರಿಯಂತೆ ಕಣೇ," ಅಂದರು.